ಬಿಸಿಯಾದರಷ್ಟೇ ಮಾತಾಡುವ ಪಿಂಗಾಣಿ

ಡಿಸೆಂಬರಿನ ಒಂದು ಬೆಳಿಗ್ಗೆ ಮಗಳನ್ನು ಟ್ಯೂಷನ್ನಿಗೆ ಬಿಡಲು ಹೊರಟಾಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಗಾಡಿಯ ಓಟದಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಒಂದು ವಾರದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹಿಂದಿನಿಂದ ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಊರೊಳಗೆ ಲೀಟರಿಗೆ 14 ಕಿಲೋಮೀಟರ್ ಓಡುತ್ತಿದ್ದದ್ದು 11ಕ್ಕೆ ಇಳಿದಿತ್ತು.

ಗ್ಯಾರೇಜಿಗೆ ಒಯ್ದೆ. ಅಲ್ಲಿನವರು ಸೈಲೆನ್ಸರ್ ಹತ್ತಿರ ಬಗ್ಗಿ ಮೂಸಿ ನೋಡಿ, "ಕ್ಯಾಟ್ ಕಾನ್ ಹೋಗಿದೆ ಸಾರ್. ಹೊಸದು ಹಾಕ್ಸಿದ್ರೆ ಸಿಕ್ಕಾಪಟ್ಟೆ ದುಡ್ಡು. ಕಟ್ ಮಾಡಿ ಅಲ್ಲೊಂದು ಪೈಪ್ ವೆಲ್ಡ್ ಮಾಡ್ಕೊಡ್ತೀನಿ, ಪಿಕಪ್ಪೂ ಚೆನ್ನಾಗಿ ಬರುತ್ತೆ" ಎಂದರು. ದೀಪದ ಗತಿಯೇನು ಎಂದು ಕೇಳಿದೆ. "ಅದಕ್ಕೊಂದು ರೆಸಿಸ್ಟರ್ ಹಾಕಿದ್ರೆ ಆರಿಹೋಗುತ್ತೆ."

ಯಂತ್ರ ಹಚ್ಚಿ ಏನನ್ನೂ ನೋಡಿರಲಿಲ್ಲ. ಆಮೇಲೆ ಬರುತ್ತೇನೆಂದು ಹೇಳಿ ಮನೆಗೆ ಬಂದೆ.

ನಮ್ಮ ಎದುರುಮನೆಯ ಹಿರಿಯರು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. 1951ರಲ್ಲಿ ಹುಟ್ಟಿದ ಮೈಕೋ ಜರ್ಮನಿಯ ಬಾಷ್ ಕಂಪನಿಯ ಇಲ್ಲಿನ ಕುಡಿ. ಬೆಂಗಳೂರಿನ ಎರಡು ತಲೆಮಾರುಗಳಿಗೆ ಅದು ಸ್ಪಾರ್ಕ್ ಪ್ಲಗ್ಗಿಗೂ ಡೀಸೆಲ್ ಪಂಪಿಗೂ ಇನ್ನೊಂದು ಹೆಸರು. ಕಂಪನಿಯ ಹೆಸರು ಬದಲಾದರೂ ಮೈಕೋ ಲೇಔಟ್ ಹಾಗೇ ಉಳಿದಿದೆ. ನನ್ನ ಕತೆ ಕೇಳಿ ಅವರು ಒಳಗೆ ಹೋಗಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಸ್ಕ್ಯಾನರ್ ತಂದರು. "ಮೊದಲು ಕೋಡ್ ಓದಿ ಮೇಷ್ಟ್ರೇ. ಗಾಡಿ ತಾನಾಗಿ ಬಾಯಿಬಿಟ್ಟು ಹೇಳ್ತಿರೋವಾಗ ಊಹೆ ಯಾಕೆ?"

ಸ್ಟೀರಿಂಗಿನ ಕೆಳಗೆ ಮೊಣಕಾಲಿಗೆ ತಾಗುವಂತೆ 16 ಪಿನ್ನಿನ ಒಂದು ಸಾಕೆಟ್ ಇದೆ. ಅದಕ್ಕೆ ಸಿಕ್ಕಿಸಿ ಫೋನಿನಲ್ಲಿ ನೋಡಿದರೆ ಬಂದದ್ದು ಒಂದೇ ಒಂದು ಕೋಡ್: ಪಿ-0135. ಗ್ಯಾರೇಜಿನವರು ಕ್ಯಾಟ್ ಕಾನ್ ಎಂದದ್ದು, ಅಂದರೆ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಸೋತಿದ್ದರೆ ಸಾಮಾನ್ಯವಾಗಿ ಪಿ-0420 ಬರುತ್ತದೆ. ಇದು ಬೇರೆ. ಕನ್ವರ್ಟರಿಗಿಂತ ಮುಂದೆ, ಎಂಜಿನ್ನಿಗೆ ಹತ್ತಿರದಲ್ಲಿ ಕೂತ ಆಮ್ಲಜನಕ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ ಎಂದು ಇದರ ಅರ್ಥ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಓ-ಟೂ ಸೆನ್ಸರ್.

ದ್ವಿತೀಯ ಪಿಯುಸಿಯಲ್ಲಿರುವ ಮಗಳು ಪಕ್ಕದಲ್ಲೇ ನಿಂತಿದ್ದಳು. "ಹೊಗೆ ಕೊಳವೆ ಮೊದಲೇ ಸುಡ್ತಾ ಇರುತ್ತಲ್ಲಪ್ಪಾ, ಅದರೊಳಗಿನ ಸೆನ್ಸರಿಗೆ ಇನ್ನೊಂದು ಹೀಟರ್ ಯಾಕೆ?" ಎಂದಳು.

ಉತ್ತರ ಹೇಳಿದ್ದು ಎದುರುಮನೆಯವರು. "ಅದು ಬಿಸಿಯಾಗದೆ ಮಾತಾಡಲ್ಲ ಮಗೂ. 300 ಡಿಗ್ರಿ ದಾಟಬೇಕು. ಹೊಗೆಯ ಶಾಖ ಒಂದನ್ನೇ ನೆಚ್ಚಿಕೊಂಡ್ರೆ ನಿಮಿಷಗಳು ಬೇಕು, ಅಲ್ಲೀವರೆಗೆ ಎಂಜಿನ್ ಕಂಪ್ಯೂಟರಿಗೆ ಕಣ್ಣಿಲ್ಲ, ಪೆಟ್ರೋಲ್ ಅಂದಾಜಿನ ಮೇಲೆ ಸುರೀತಾ ಇರುತ್ತೆ. ಹೀಟರ್ ಇದ್ರೆ ಅರ್ಧ ನಿಮಿಷದಲ್ಲಿ ಎಚ್ಚರ." ಆಮೇಲೆ ನನ್ನ ಕಡೆ ತಿರುಗಿ, "ಒಳಗಿರೋದು ಜಿರ್ಕೋನಿಯಾ ಪಿಂಗಾಣಿ ಮೇಷ್ಟ್ರೇ. ನೀವು ಕ್ಲಾಸಲ್ಲಿ ಬರೆಯೋ ನರ್ನ್ಸ್ಟ್ ಸಮೀಕರಣಾನೇ ಅಲ್ಲಿ ಕೆಲಸ ಮಾಡೋದು" ಎಂದರು.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. 22 ವರ್ಷಗಳಿಂದ ಎಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿ ಆ ಸಮೀಕರಣವನ್ನು ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಸತುವಿನ ಕಡ್ಡಿ, ತಾಮ್ರದ ಕಡ್ಡಿ, ನಡುವೆ ಉಪ್ಪಿನ ಸೇತುವೆ, ಡೇನಿಯಲ್ ಕೋಶ, ಒಂದು ಲೆಕ್ಕ, ಐದು ಅಂಕ. ಆ ಸಮೀಕರಣ ದಿನಾ ನನ್ನನ್ನು ಕಾಲೇಜಿಗೆ ಕರೆದೊಯ್ಯುವ ಕಾರಿನ ಹೊಗೆ ಕೊಳವೆಯಲ್ಲಿ ಕೂತಿದೆ ಎಂದು ಅವತ್ತಿನವರೆಗೆ ನನಗೆ ಯಾರೂ ಹೇಳಿರಲಿಲ್ಲ. ಹೊಸ ಸೆನ್ಸರ್ ಕೊಳ್ಳುವ ಮೊದಲು ಅದು ಅಲ್ಲಿಗೆ ಬಂದ ದಾರಿ ಹುಡುಕಲು ಕೂತೆ. ಆ ದಾರಿ ಕಾರುಗಳಿಂದ ಶುರುವಾಗುವುದೇ ಇಲ್ಲ. ಶುರುವಾಗುವುದು ಒಂದು ದೀಪದಿಂದ.

ವಾಲ್ಟರ್ ನರ್ನ್ಸ್ಟ್ ಹುಟ್ಟಿದ್ದು 1864ರಲ್ಲಿ, ಆಗಿನ ಪಶ್ಚಿಮ ಪ್ರಷ್ಯಾದ ಬ್ರೀಸೆನ್ ಎಂಬ ಸಣ್ಣ ಊರಿನಲ್ಲಿ. ಲೈಪ್ಸಿಗ್‌ನಲ್ಲಿ ಓಸ್ಟ್‌ವಾಲ್ಡರ ಪ್ರಯೋಗಾಲಯ ಸೇರಿ 1889ರಲ್ಲಿ, ಇನ್ನೂ 25ರ ಹರೆಯದಲ್ಲಿ, ತನ್ನ ಸಮೀಕರಣವನ್ನು ಮಂಡಿಸಿದ. ಅದರ ತಿರುಳು ಸರಳ. ಒಂದೇ ವಸ್ತು ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ತೆಳುವಾಗಿ ಇದ್ದು, ನಡುವೆ ಅದರ ಅಯಾನುಗಳನ್ನು ಮಾತ್ರ ದಾಟಿಸುವ ಒಂದು ಗೋಡೆ ಇದ್ದರೆ, ಗೋಡೆಯ ಎರಡು ಮುಖಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಎಷ್ಟು ವೋಲ್ಟೇಜ್ ಎಂಬುದು ಆ ಎರಡು ಸಾಂದ್ರತೆಗಳ ಅನುಪಾತದ ಲಾಗರಿತಮ್‌ಗೆ ಕಟ್ಟುಬಿದ್ದಿದೆ. ವೋಲ್ಟೇಜ್ ಅಳೆದರೆ ಆಚೆ ಕಡೆ ಎಷ್ಟಿದೆ ಎಂದು ಈಚೆ ಕಡೆ ಕೂತು ಹೇಳಬಹುದು.

ಎಂಟು ವರ್ಷದ ನಂತರ ಗಾಟಿಂಗೆನ್‌ನಲ್ಲಿ ಪ್ರಾಧ್ಯಾಪಕನಾಗಿದ್ದಾಗ ಆತ ತಲೆಹಾಕಿದ್ದು ಪೂರಾ ಬೇರೆ ಕೆಲಸಕ್ಕೆ. ಎಡಿಸನ್ ಬಲ್ಬಿನ ಇಂಗಾಲದ ತಂತಿ ಗಾಳಿ ಸೋಕಿದರೆ ಉರಿದುಹೋಗುತ್ತದೆ. ಅದಕ್ಕೆಂದೇ ಗಾಜಿನ ಬುರುಡೆ, ಅದರೊಳಗೆ ನಿರ್ವಾತ. ಮೊದಲೇ ಆಕ್ಸೈಡ್ ಆಗಿರುವ ವಸ್ತುವಿಗೆ ಮತ್ತೆ ಉರಿಯುವ ಭಯವಿಲ್ಲವಲ್ಲ, ಅದನ್ನೇ ಕಾಯಿಸಿ ಬೆಳಗಿಸಿದರೆ? ಜಿರ್ಕೋನಿಯಂ ಆಕ್ಸೈಡಿಗೆ ಸುಮಾರು 15 ಪಾಲು ಯಿಟ್ರಿಯಂ ಆಕ್ಸೈಡ್ ಬೆರೆಸಿ ಸಣ್ಣ ಕಡ್ಡಿ ಮಾಡಿದ. ತೆರೆದ ಗಾಳಿಯಲ್ಲೇ ಅದು ಕಣ್ಣು ಕೋರೈಸುವ ಬಿಳಿ ಬೆಳಕು ಕೊಟ್ಟಿತು. ಶುದ್ಧ ಆಕ್ಸೈಡ್ ಒಂದೊಂದೂ ವಿದ್ಯುತ್ತನ್ನು ಹೆಚ್ಚು ಹರಿಸುವುದಿಲ್ಲ, ಎರಡು ಸೇರಿದಾಗ ಧಾರಾಳವಾಗಿ ಹರಿಸುತ್ತವೆ. ಬರಿಯ ನೀರೂ ಒಣ ಉಪ್ಪೂ ಹರಿಸದ ವಿದ್ಯುತ್ತನ್ನು ಉಪ್ಪುನೀರು ಹರಿಸುವಂತೆಯೇ ಇದು ಎಂದು ನರ್ನ್ಸ್ಟ್ ಗುರುತಿಸಿದ. ಘನವಸ್ತುಗಳ ಒಳಗೂ ಅಯಾನುಗಳು ನಡೆದಾಡಬಲ್ಲವು ಎಂಬ ಈ ಮಾತನ್ನು 1899ರಲ್ಲಿ ಪ್ರಕಟಿಸಿದ.

ದೀಪಕ್ಕೆ ಒಂದು ತೊಡಕಿತ್ತು. ತಣ್ಣಗಿರುವಾಗ ಆ ಕಡ್ಡಿ ಕರೆಂಟನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಸ್ವಿಚ್ ಒತ್ತಿದರೆ ಏನೂ ಆಗದು. ಮೊದಲು ಬೆಂಕಿಕಡ್ಡಿಯನ್ನೋ ಸ್ಪಿರಿಟ್ ದೀಪವನ್ನೋ ಹಿಡಿದು ಅದನ್ನು ಕಾಯಿಸಬೇಕು, ಆಮೇಲೆ ಅದು ತಾನೇ ಹೊತ್ತಿಕೊಂಡು ಬೆಳಗುತ್ತದೆ. ಮುಂದೆ ಕಡ್ಡಿಯ ಪಕ್ಕದಲ್ಲೇ ಪ್ಲಾಟಿನಂ ತಂತಿ ಸುತ್ತಿದ ಸಣ್ಣ ಹೀಟರ್ ಕೂರಿಸಿದರು. ಇದನ್ನು ಓದುವಾಗ ನನ್ನ ಕೈ ತಾನಾಗಿ ನಿಂತಿತು. ಪಿ-0135 ಎಂದರೆ ಇದೇ. ಅದೇ ಜಿರ್ಕೋನಿಯಾ, ಅದೇ ಯಿಟ್ರಿಯಾ, ಅದೇ ಚಳಿಗೆ ಮುದುಡುವ ಗುಣ. 1890ರ ದಶಕದ ಬೆಂಕಿಕಡ್ಡಿಯ ಕೆಲಸವನ್ನು ನನ್ನ ಕಾರಿನಲ್ಲಿ ಮಾಡುತ್ತಿದ್ದ ತಂತಿ ಕಡಿದುಹೋಗಿತ್ತು.

ನರ್ನ್ಸ್ಟ್ ಆ ದೀಪದ ಹಕ್ಕನ್ನು ಎಇಜಿ ಕಂಪನಿಗೆ ಹತ್ತು ಲಕ್ಷ ಮಾರ್ಕಿಗೆ ಮಾರಿದ. ಆತನಿಗೆ ಮೋಟಾರು ಗಾಡಿಗಳ ಹುಚ್ಚು ಬೇರೆ. ಗಾಟಿಂಗೆನ್‌ನಲ್ಲಿ ಕಾರು ಇಟ್ಟುಕೊಂಡ ಮೊದಮೊದಲ ಕೆಲವರಲ್ಲಿ ಆತನೂ ಒಬ್ಬ. ತನ್ನ ದೀಪದ ಕಡ್ಡಿ ಮುಕ್ಕಾಲು ಶತಮಾನದ ಮೇಲೆ ಕಾರಿನ ಹೊಗೆ ಮೂಸಲು ಹೋಗುತ್ತದೆಂಬುದು ಆತನ ಕನಸಿನಲ್ಲೂ ಬಂದಿರಲಾರದು. 1920ರ ರಸಾಯನಶಾಸ್ತ್ರದ ನೊಬೆಲ್ ಆತನಿಗೆ ಬಂದದ್ದು ಉಷ್ಣರಸಾಯನದ ಕೆಲಸಕ್ಕೆ. ದೀಪವನ್ನು ಅಷ್ಟರಲ್ಲಿ ಟಂಗ್‌ಸ್ಟನ್ ತಂತಿಯ ಬಲ್ಬು ಮೂಲೆಗೆ ತಳ್ಳಿಯಾಗಿತ್ತು.

ಆ ಕಡ್ಡಿಯೊಳಗೆ ಏನು ನಡೆಯುತ್ತದೆ ಎಂದು ತಿಳಿಸಿ ಹೇಳಿದವನು ಕಾರ್ಲ್ ವಾಗ್ನರ್, 1943ರಲ್ಲಿ. ನಮ್ಮ ಪಂಕ್ತಿ ಊಟವನ್ನು ನೆನೆದುಕೊಂಡರೆ ಅದು ಅರ್ಥವಾಗುತ್ತದೆ. ಜಿರ್ಕೋನಿಯಂ ಅಯಾನಿಗೆ ನಾಲ್ಕು ಧನ ಆವೇಶ, ಯಿಟ್ರಿಯಂಗೆ ಮೂರೇ. ಹೀಗಾಗಿ ಎರಡು ಯಿಟ್ರಿಯಂ ಒಳಬಂದಲ್ಲೆಲ್ಲ ಒಂದು ಆಮ್ಲಜನಕದ ಜಾಗ ಖಾಲಿ ಬೀಳುತ್ತದೆ, ಸಾಲಿನಲ್ಲಿ ಒಂದು ಎಲೆಯ ಮುಂದೆ ಯಾರೂ ಕೂರದಂತೆ. ಪಕ್ಕದವನು ಆ ಎಲೆಗೆ ಸರಿದರೆ ಅವನ ಎಲೆ ಖಾಲಿ, ಅದಕ್ಕೆ ಅವನ ಪಕ್ಕದವನು. ಹೀಗೆ ಒಬ್ಬೊಬ್ಬರೂ ಒಂದೊಂದೇ ಎಲೆ ಸರಿದು ಇಡೀ ಸಾಲೇ ಸಾಗುತ್ತದೆ. ತಣ್ಣಗಿದ್ದಾಗ ಕೂತವರು ಕೂತಲ್ಲೇ. ಎದ್ದು ಪಕ್ಕಕ್ಕೆ ಸರಿಯುವ ಚೈತನ್ಯ ಕೊಡುವುದು ಶಾಖ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ತಿಳಿವಳಿಕೆ ಕೆಲಸಕ್ಕೆ ಬಂತು. 1961ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಪ್ರಯೋಗಾಲಯದ ವೈಸ್‌ಬಾರ್ಟ್ ಮತ್ತು ರುಕಾ ಜಿರ್ಕೋನಿಯಾ ಕೊಳವೆಯಿಂದ ಅನಿಲಗಳಲ್ಲಿನ ಆಮ್ಲಜನಕ ಅಳೆಯುವ ಮಾಪಕವನ್ನು ವಿವರಿಸಿ ಬರೆದರು. ಅವರಿದ್ದದ್ದು ಪಿಟ್ಸ್‌ಬರ್ಗ್‌ನಲ್ಲಿ. ಅದೇ ಊರಲ್ಲಿ ಅರುವತ್ತು ವರ್ಷ ಹಿಂದೆ ಜಾರ್ಜ್ ವೆಸ್ಟಿಂಗ್‌ಹೌಸ್ ನರ್ನ್ಸ್ಟ್ ದೀಪಗಳ ಕಾರ್ಖಾನೆ ನಡೆಸಿದ್ದ. ದೀಪವಾಗಿ ಸೋತ ಕಡ್ಡಿ ಅದೇ ಊರಿನಲ್ಲಿ ಮೂಗಾಗಿ ಮರುಹುಟ್ಟು ಪಡೆಯಿತು.

ಆ ಮೂಗು ಕಾರಿನವರೆಗೆ ಬರಲು ಕಾರಣವಾದ ಊರು ಲಾಸ್ ಏಂಜಲಿಸ್. ಈ ಕತೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಆ ಊರಿನ ಭಾಗ. 1943ರ ಜುಲೈಯಲ್ಲಿ ಒಂದು ದಿನ ಅಲ್ಲಿ ಕಂದು ಮಂಜು ಕವಿದು ಜನರ ಕಣ್ಣು ಉರಿಯತೊಡಗಿ ಗಂಟಲು ಕಟ್ಟಿತು. ಯುದ್ಧದ ಕಾಲ, ಜಪಾನಿನವರು ವಿಷಾನಿಲ ಬಿಟ್ಟರೆಂದು ಕೆಲವರು ಹೆದರಿದರು. ಆಮೇಲೆ ತಪ್ಪು ಕೃತಕ ರಬ್ಬರಿಗೆ ಬ್ಯುಟಡೈಯೀನ್ ಮಾಡುವ ಒಂದು ಕಾರ್ಖಾನೆಯ ತಲೆಗೆ ಬಂತು. ಅದನ್ನು ನಿಲ್ಲಿಸಿದರೂ ಮಂಜು ಹೋಗಲಿಲ್ಲ. ಕ್ಯಾಲ್‌ಟೆಕ್‌ನಲ್ಲಿ ಅನಾನಸಿನ ಪರಿಮಳದ ರಸಾಯನ ಅಧ್ಯಯನ ಮಾಡುತ್ತಿದ್ದ ಡಚ್ ಮೂಲದ ಆರಿ ಹಾಗೆನ್-ಸ್ಮಿತ್ ಅನಾನಸನ್ನು ಬದಿಗಿಟ್ಟು ಊರಿನ ಗಾಳಿಯನ್ನೇ ಘನೀಕರಿಸಿ ನೋಡಿದರು. ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡ್ ಮತ್ತು ಬಿಸಿಲು, ಈ ಮೂರೂ ಕೂಡಿದರೆ ಓಝೋನ್ ಹುಟ್ಟುತ್ತದೆ, ಊರು ಉಸಿರಾಡುತ್ತಿದ್ದದ್ದು ಅದನ್ನೇ ಎಂದು 1950ರ ದಶಕದ ಶುರುವಿನಲ್ಲಿ ತೋರಿಸಿದರು. ಆ ಆವಿಯೂ ಆಕ್ಸೈಡೂ ಬಹುಪಾಲು ಬರುತ್ತಿದ್ದದ್ದು ಊರವರ ಕಾರುಗಳಿಂದ. ತೈಲ ಉದ್ಯಮದ ಹಣದಿಂದ ಕೆಲಸ ಮಾಡುತ್ತಿದ್ದವರು ಅವರ ಮಾತನ್ನು ಅಲ್ಲಗಳೆದಾಗ ಅವರು ಸಿಟ್ಟಿಗೆದ್ದು, ವಿವಾದ ಮುಗಿಸುವಷ್ಟು ಪುರಾವೆ ಕಲೆಹಾಕಿದರು. 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಮೊದಲ ಅಧ್ಯಕ್ಷರಾದವರು ಅವರೇ.

ಹೊಗೆಯನ್ನು ಕೊಳವೆಯಲ್ಲೇ ಶುದ್ಧಮಾಡುವ ಕನ್ವರ್ಟರನ್ನು ಫ್ರಾನ್ಸಿನಿಂದ ಅಮೆರಿಕಕ್ಕೆ ಬಂದ ಯೂಜೀನ್ ಹೂದ್ರಿ 1950ರ ದಶಕದಲ್ಲೇ ಮಾಡಿದ್ದರು. ಪೆಟ್ರೋಲಿಗೆ ಆಗ ಬೆರೆಸುತ್ತಿದ್ದ ಸೀಸ ಅದರ ಮೇಲೆ ಮೆತ್ತಿಕೊಂಡು ಅದನ್ನು ಸಾಯಿಸುತ್ತಿತ್ತು. 1970ರ ಅಮೆರಿಕದ ಶುದ್ಧ ಗಾಳಿ ಕಾನೂನು ಕಾರಿನ ಹೊಗೆಯ ವಿಷವನ್ನು ಶೇಕಡ 90ರಷ್ಟು ಇಳಿಸಲೇಬೇಕೆಂದ ಮೇಲೆ ಸೀಸವಿಲ್ಲದ ಪೆಟ್ರೋಲ್ ಬಂತು. 1975ರ ಮಾದರಿಯ ಕಾರುಗಳಿಂದ ಕನ್ವರ್ಟರುಗಳೂ ಬಂದವು.

ಅಲ್ಲೊಂದು ಗಂಟು ಉಳಿದೇ ಇತ್ತು. ಕಾರ್ಬನ್ ಮೊನಾಕ್ಸೈಡನ್ನೂ ಅರೆಬೆಂದ ಪೆಟ್ರೋಲನ್ನೂ ಪೂರ್ತಿ ಉರಿಸಲು ಆಮ್ಲಜನಕ ಕೊಡಬೇಕು. ನೈಟ್ರೋಜನ್ ಆಕ್ಸೈಡನ್ನು ನಿರಪಾಯ ನೈಟ್ರೋಜನ್ ಮಾಡಬೇಕಾದರೆ ಅದರಿಂದ ಆಮ್ಲಜನಕ ಕಿತ್ತುಕೊಳ್ಳಬೇಕು. ಒಂದು ಕಡೆ ಕೊಡು, ಇನ್ನೊಂದು ಕಡೆ ಕಸಿದುಕೋ. ಎಂಗಲ್‌ಹಾರ್ಡ್ ಕಂಪನಿಯ ಕಾರ್ಲ್ ಕೀತ್, ಜಾನ್ ಮೂನಿ ಮತ್ತು ಜೊತೆಗಾರರು ಪ್ಲಾಟಿನಂ, ರೋಡಿಯಂ ಲೇಪಿಸಿದ ಒಂದೇ ಡಬ್ಬಿಯಲ್ಲಿ ಈ ಎರಡೂ ಕೆಲಸ ಆಗುತ್ತವೆ ಎಂದು ತೋರಿಸಿದರು. ಎರಡನೆಯವರಿಂದ ಕಿತ್ತ ಆಮ್ಲಜನಕವೇ ಮೊದಲಿನವರ ಊಟ! ಆದರೆ ಲೆಕ್ಕ ಸರಿಹೊಂದಬೇಕಾದರೆ ಎಂಜಿನ್ನು 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿಯನ್ನೇ ನುಂಗಬೇಕು. ಆ ಹದಕ್ಕೆ ಎಂಜಿನಿಯರುಗಳು ಕೊಟ್ಟ ಗುರುತು ಲ್ಯಾಮ್ಡಾ, ಹದ ಕೂಡಿದರೆ ಅದು 1. ಒಂದಿಷ್ಟು ಆಚೆ ಈಚೆ ಆದರೂ ಮೂರರಲ್ಲಿ ಒಂದು ವಿಷ ನುಸುಳಿ ಹೊರಬೀಳುತ್ತದೆ. ಬೆಟ್ಟ ಹತ್ತುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಚಳಿಯಲ್ಲಿ, ಸೆಕೆಯಲ್ಲಿ ಹದ ಒಂದೇ ಇರಬೇಕು. ಕಾರ್ಬುರೇಟರಿಗೆ ಇದು ಆಗದ ಮಾತು. ಹೊಗೆಯನ್ನು ಕ್ಷಣಕ್ಷಣಕ್ಕೂ ರುಚಿ ನೋಡಿ, ಪೆಟ್ರೋಲ್ ಹೆಚ್ಚಾಯಿತು, ಕಮ್ಮಿಯಾಯಿತು ಎಂದು ಹೇಳುವ ನಾಲಿಗೆ ಬೇಕಿತ್ತು.

ಆ ನಾಲಿಗೆ ಬಂದದ್ದು ಬಾಷ್ ಕಂಪನಿಯಿಂದ. ಸಿಲಿಂಡರಿನ ಬೆಂಕಿಯನ್ನೂ ಸ್ಫೋಟವನ್ನೂ ತಡೆದುಕೊಳ್ಳುವ ಪಿಂಗಾಣಿ ಮಾಡುವುದು ಸ್ಪಾರ್ಕ್ ಪ್ಲಗ್ ಮಾಡುವವರಿಗೆ ಕರಗತ. ಅವರು ಜಿರ್ಕೋನಿಯಾದಲ್ಲಿ ದರ್ಜಿಯ ಬೆರಳುಟೋಪಿಯಂಥ ಸಣ್ಣ ಕೊಳವೆ ಮಾಡಿ ಒಳಹೊರಗೆ ಪ್ಲಾಟಿನಂ ತೆಳುವಾಗಿ ಹಚ್ಚಿದರು. ಒಳಗಡೆ ಹೊರಗಿನ ಗಾಳಿ, ಅದರಲ್ಲಿ ಆಮ್ಲಜನಕ ಶೇಕಡ 21. ಹೊರಮೈಗೆ ಹೊಗೆ. ಹೊಗೆಯಲ್ಲಿ ಪೆಟ್ರೋಲ್ ಹೆಚ್ಚಿದ್ದರೆ ಪ್ಲಾಟಿನಂ ಮೇಲೆ ಅಳಿದುಳಿದ ಆಮ್ಲಜನಕವೂ ಉರಿದುಹೋಗಿ, ಒಳಗಿನದಕ್ಕಿಂತ ಕೋಟಿ ಕೋಟಿ ಪಟ್ಟಿಗೂ ಮಿಕ್ಕಿ ಕಡಿಮೆಯಾಗುತ್ತದೆ. ಲಾಗರಿತಮ್ ಆ ದೈತ್ಯ ಅನುಪಾತವನ್ನು ಹಿಂಡಿ ಸುಮಾರು 0.9 ವೋಲ್ಟಿಗೆ ತಂದು ನಿಲ್ಲಿಸುತ್ತದೆ. ಗಾಳಿ ಹೆಚ್ಚಿದ್ದರೆ 0.1ರ ಆಸುಪಾಸು. ನಡುವಿನ 0.45ರಲ್ಲಿ ಹದ. ಬೋರ್ಡಿನ ಮೇಲೆ ನಾನು ಬರೆಯುವುದೂ ಇದನ್ನೇ. ಆಮ್ಲಜನಕದ ಅಣುವೊಂದಕ್ಕೆ ನಾಲ್ಕು ಎಲೆಕ್ಟ್ರಾನ್, ಆದ್ದರಿಂದ ಎನ್ ಜಾಗದಲ್ಲಿ 4.

ರಸ್ತೆಗೆ ಅದು ಇಳಿದದ್ದು 1976ರಲ್ಲಿ, ಸ್ವೀಡನ್ನಿನ ವೋಲ್ವೋ 240 ಸರಣಿಯ ಕಾರಿನಲ್ಲಿ, 1977ರ ಮಾದರಿಯಾಗಿ, ಕ್ಯಾಲಿಫೋರ್ನಿಯಾದ ಮಾರುಕಟ್ಟೆಗೆ. ವೋಲ್ವೋದಲ್ಲಿ ಈ ಕೆಲಸದ ಮುಂದಾಳು ಸ್ಟೀಫನ್ ವಾಲ್‌ಮನ್. ಕಾರಿನ ಮುಂದಿನ ಜಾಲರಿಯಲ್ಲಿ 'ಲ್ಯಾಮ್ಡಾ ಸೋಂಡ್' ಎಂಬ ಫಲಕವನ್ನೇ ಕಂಪನಿ ಹೆಮ್ಮೆಯಿಂದ ಹಾಕಿತ್ತು. ಆ ಮೊದಲ ಸೆನ್ಸರುಗಳಿಗೆ ಹೀಟರ್ ಇರಲಿಲ್ಲ. ಹೊಗೆಯೇ ಕಾಯಿಸುವ ತನಕ ಅವು ಸುಮ್ಮನಿರುತ್ತಿದ್ದವು. ತಣ್ಣಗಿರುವ ಎಂಜಿನ್ ಉಗುಳುವ ಮೊದಲ ನಿಮಿಷಗಳ ಹೊಗೆಯೇ ಅತಿ ಕೊಳಕು, ಅದೇ ಹೊತ್ತಿಗೆ ಕಾವಲುಗಾರನಿಗೆ ನಿದ್ದೆ. 1982ರಲ್ಲಿ ಬಾಷ್ ಸೆನ್ಸರಿನೊಳಗೇ ಹೀಟರ್ ಇಟ್ಟಿತು. ನರ್ನ್ಸ್ಟ್ ದೀಪದವರು ಯಾವಾಗಲೋ ಮಾಡಿಕೊಂಡಿದ್ದ ಏರ್ಪಾಡು ಅದು.

ನಮ್ಮ ದೇಶದಲ್ಲಿ 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಜೊತೆಗೆ ಸೀಸರಹಿತ ಪೆಟ್ರೋಲ್ ಸಿಕ್ಕಿತು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. ಸೀಸ ದೇಶದುದ್ದಕ್ಕೂ ಬಂಕುಗಳಿಂದ ಹೋದದ್ದು 2000ದ ಫೆಬ್ರವರಿಯಲ್ಲಿ. 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದ ಮೇಲೆ ಸ್ಕೂಟರು, ಬೈಕುಗಳಿಗೂ ಇಂಥ ಸೆನ್ಸರ್ ಸೇರಿದೆ. ನಿಮ್ಮ ಮನೆಯಂಗಳದಲ್ಲೂ ಒಂದು ಇರಬಹುದು.

ಈಗ ನನ್ನ ಕಾರಿಗೆ ಬರುತ್ತೇನೆ. ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಸುತ್ತಿ, ಹಳೆಯ ಸೆನ್ಸರಿನ ಮೇಲಿನ ಪಾರ್ಟ್ ನಂಬರ್ ಹೊಂದಿಸಿ, ಸೀಲ್ ಒಡೆಯದ ಡಬ್ಬಿಯದನ್ನೇ ತಂದೆ. ಎಲ್ಲ ಗಾಡಿಗೂ ಆಗುತ್ತದೆ, ವಯರ್ ಕತ್ತರಿಸಿ ಜೋಡಿಸಿಕೊಳ್ಳಿ ಎಂದು ಒಂದು ಕಡೆ ಅಗ್ಗದ್ದನ್ನು ತೋರಿಸಿದರು. ಬೇಡವೆಂದು ಎದುರುಮನೆಯವರು ಮೊದಲೇ ಎಚ್ಚರಿಸಿದ್ದರು. ಅವರು ಹೇಳಿದ ಕಾರಣ ಬಲು ಸೊಗಸಾದದ್ದು. ಬೆರಳುಟೋಪಿಯ ಒಳಗೆ ಹೋಲಿಕೆಗೆಂದು ಹೊರಗಾಳಿ ಬೇಕಲ್ಲ, ಅದು ಅನೇಕ ಸೆನ್ಸರುಗಳಲ್ಲಿ ಒಳಸೇರುವುದು ವಯರಿನ ಎಳೆಗಳ ನಡುವಿನ ಸಂದಿಯಿಂದ. ಬೆಸುಗೆ ಹಾಕಿದರೆ, ಕನೆಕ್ಟರಿಗೆ ಗ್ರೀಸ್ ತುಂಬಿದರೆ ಆ ಉಸಿರು ಕಟ್ಟಿ ಸೆನ್ಸರ್ ಸುಳ್ಳು ಹೇಳತೊಡಗುತ್ತದೆ. ಸಾದಾ ಸಿಲಿಕೋನ್ ಸೀಲೆಂಟನ್ನೂ ಅದರ ಹತ್ತಿರ ಸುಳಿಸಬಾರದು, ಅದರ ಆವಿ ಪ್ಲಾಟಿನಂ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದೆವು. ನನ್ನ ಕಾರಿನಲ್ಲಿ ಮುಂದಿನ ಸೆನ್ಸರ್ ಮೇಲಿನಿಂದಲೇ ಕೈಗೆ ಸಿಗುತ್ತದೆ. ಹಿಂದಿನ ರಾತ್ರಿಯೇ ಮರೆಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಐದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕೈಗೆ ದಪ್ಪ ಗವಸು ಹಾಕಿ, ವಯರ್ ತೂರಿಸಲು ಸೀಳಿರುವ 22 ಎಂಎಂ ಸಾಕೆಟ್ ಕೂರಿಸಿದೆ. ಕೊಳವೆ ತುಸು ಬೆಚ್ಚಗಿದ್ದರೆ ಮರೆ ಬೇಗ ಬಿಡುತ್ತದೆ. ಆದರೂ ಮೊದಲ ಮೂರು ಸಲ ಅದು ಜಗ್ಗಲಿಲ್ಲ. "ಎಳೆದಾಡಬೇಡಿ, ಒಂದೇ ಸಮ ಒತ್ತಡ ಕೊಡಿ ಮೇಷ್ಟ್ರೇ" ಎಂದರು. ಕಿರ್ ಎಂದು ಸದ್ದು ಮಾಡಿ ಬಿಟ್ಟಿತು.

ತುದಿ ಮಸಿಯಿಂದ ಕಪ್ಪಾಗಿತ್ತು, ವಾರಗಟ್ಟಲೆ ಹೆಚ್ಚು ಪೆಟ್ರೋಲ್ ಕುಡಿದ ಗುರುತು. ಹೀಗೇ ಕೆಲವು ತಿಂಗಳು ಓಡಿಸಿದ್ದರೆ ಅರೆಬೆಂದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನೂ ನಿಜವಾಗಿಯೇ ಕೊಲ್ಲುತ್ತಿತ್ತು. ಮಗಳು ಮಲ್ಟಿಮೀಟರಿನ ಎರಡು ಮೊನೆಗಳನ್ನು ಹೀಟರಿನ ಎರಡು ಬಿಳಿ ವಯರುಗಳ ಪಿನ್ನಿಗೆ ಹಿಡಿದಳು. ಹಳೆಯದರಲ್ಲಿ ಮೀಟರ್ ಏನನ್ನೂ ತೋರಿಸಲಿಲ್ಲ, ತಂತಿ ಕಡಿದಿತ್ತು. ಹೊಸದರಲ್ಲಿ 9 ಓಮ್. ಇಷ್ಟೇ ರೋಗ. ಹೊಸದರ ಮರೆಗೆ ಮಾತ್ರ, ತುದಿಗೆ ಸೋಕದಂತೆ, ಅಂಟಿಕೊಳ್ಳದಿರುವ ಪೇಸ್ಟ್ ಸವರಿ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸಾಕೆಟ್ಟಿನಿಂದ ಬಿಗಿಮಾಡಿದೆ. ಎಲ್ಲ ಸೇರಿ ಮುಕ್ಕಾಲು ಗಂಟೆ.

ಕೋಡ್ ಅಳಿಸಿ ಸ್ಟಾರ್ಟ್ ಮಾಡಿ ಫೋನಿನಲ್ಲಿ ಸೆನ್ಸರಿನ ವೋಲ್ಟೇಜ್ ಗ್ರಾಫ್ ತೆರೆದೆವು. ಕೆಲವು ಸೆಕೆಂಡು ಗೆರೆ ನಡುವಿನಲ್ಲೇ ಸಪಾಟಾಗಿ ಮಲಗಿತ್ತು. ಮೂವರೂ ಮಾತಿಲ್ಲದೆ ನೋಡುತ್ತಿದ್ದೆವು. ಅರ್ಧ ನಿಮಿಷ ಆಗುವುದರೊಳಗೆ ಅದು ಮೆಲ್ಲನೆ ಮಿಸುಕಿ 0.8ಕ್ಕೆ ಏರಿತು, 0.1ಕ್ಕೆ ಇಳಿಯಿತು, ಮತ್ತೆ ಏರಿತು. ಹೆಚ್ಚಾಯಿತು, ಕಮ್ಮಿಯಾಯಿತು, ಹೆಚ್ಚಾಯಿತು. ಆಮೇಲೆ ಅದು ನಿಲ್ಲಲಿಲ್ಲ. 1889ರ ಒಂದು ಸಮೀಕರಣ ನನ್ನ ಮನೆಯ ಮುಂದೆ ಉಸಿರಾಡುವುದನ್ನು ನಾನು ಕಣ್ಣಾರೆ ಕಂಡೆ. 22 ವರ್ಷದಲ್ಲಿ ಅದು ನನಗೆ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

ಹದಿನೈದು ದಿನದಲ್ಲಿ ಮೈಲೇಜ್ 14ಕ್ಕೆ ಮರಳಿತು. ವಾಸನೆ ಮರುದಿನವೇ ಹೋಗಿತ್ತು.

ನಿಮ್ಮ ಗಾಡಿಯಲ್ಲೂ ಆ ಹಳದಿ ದೀಪ ಹೊತ್ತಿಕೊಂಡರೆ, ಯಾರಾದರೂ ಕನ್ವರ್ಟರ್ ಕತ್ತರಿಸಿ ಪೈಪ್ ಹಾಕೋಣ ಎಂದರೆ, ದಯವಿಟ್ಟು ಮೊದಲು ಕೋಡ್ ಓದಿಸಿ. ಕತ್ತರಿಸಿದ ಗಾಡಿಯ ಹೊಗೆಯನ್ನು ಕುಡಿಯುವವರು ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ನಿಂತವರು. ಹಳೆಯ ಸೆನ್ಸರನ್ನು ನಾನು ಎಸೆಯಲಿಲ್ಲ. ಮಸಿ ಒರೆಸಿ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದೆ. ಡೇನಿಯಲ್ ಕೋಶದ ಪಕ್ಕದಲ್ಲಿ ಇಟ್ಟಿದ್ದೇನೆ, ಈ ವರ್ಷದ ಪಾಠ ಅದರಿಂದಲೇ ಶುರುವಾಯಿತು.